ಡಿಸ್ಕಿನ ಕವರಿನಲ್ಲಿದ್ದ ಚೀಟಿ

ಚೀಟಿ ಇತ್ತು. "ಯಾವ ಚೀಟೀನೂ ಇರಲಿಲ್ಲರೀ" ಎಂದು ನಾನು ಹೇಳಿದ್ದು ಸುಳ್ಳು. ಹಾಗೆ ಹೇಳುವಾಗ ಅದು ನನ್ನ ನೋಟ್‌ಬುಕ್ಕಿನ ನಡುವೆ ಇತ್ತು— ನಾನು ಕೂತ ಸ್ಟೂಲಿನಿಂದ ಒಂದು ಮೊಳ ದೂರದಲ್ಲಿ. ಕೈಚಾಚಿ ತೆಗೆದುಕೊಟ್ಟಿದ್ದರೆ ಮುಗಿದುಹೋಗುತ್ತಿತ್ತು. ಚಾಚಲಿಲ್ಲ.

ಆ ಮಾತಿನಿಂದ ಕಮಲಾಪುರದ ಒಬ್ಬ ಹುಡುಗಿಯ ಓದು ನಿಂತಿತು. ಅವಳ ಮನೆಯವರು ಅವಳನ್ನು ನಂಬುವುದನ್ನು ಬಿಟ್ಟರು. ಅವಳನ್ನು ಇಲ್ಲಿ ಮಹಾದೇವಿ ಎಂದು ಕರೆಯುತ್ತೇನೆ. ಅದು ಅವಳ ಹೆಸರಲ್ಲ. ಉಳಿದವರ ಹೆಸರನ್ನೂ ಬದಲಿಸಿದ್ದೇನೆ. ನನ್ನದನ್ನು ಮಾತ್ರ ಬದಲಿಸಿಲ್ಲ.

ನಮ್ಮ ಮನೆತನದಲ್ಲಿ ಡಿಗ್ರಿ ಪಾಸಾದ ಮೊದಲಿಗ ನಾನು. ಅಪ್ಪ ಕಪನೂರಿನ ಬೇಳೆ ಮಿಲ್ಲಿನಲ್ಲಿ ಚೀಲ ಹೊರುತ್ತಿದ್ದ. ಅವ್ವನಿಗೆ ಹೆಬ್ಬೆಟ್ಟೇ ಸಹಿ. ಈಗ ಕಲಬುರಗಿಯ ಒಂದು ಪಿಯು ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುತ್ತೇನೆ. ಪ್ರತಿ ವರ್ಷ ಹೊಸ ಮಕ್ಕಳಿಗೆ ಮೊದಲ ದಿನವೇ ನನ್ನ ಕಥೆ ಹೇಳುವ ಚಟ ನನಗೆ— ಬೆಳಿಗ್ಗೆ ಕಾಲೇಜು, ಮಧ್ಯಾಹ್ನದಿಂದ ಅಂಗಡಿ ಕೆಲಸ, ಟ್ಯೂಷನ್ ಕಂಡವನಲ್ಲ, ಹೇಳಿಕೊಡುವವರಿರಲಿಲ್ಲ, ಸ್ವಂತ ಬಲದಿಂದ ಮೇಲೆ ಬಂದೆ ಎಂದು. ಮಕ್ಕಳು ಚಪ್ಪಾಳೆ ತಟ್ಟುತ್ತಾರೆ. ಆ ಕಥೆಯಲ್ಲಿ ನಾನು ಒಬ್ಬಳನ್ನು ಬಿಟ್ಟು ಹೇಳುತ್ತೇನೆ.

ಆಗಿನ್ನೂ ಎಲ್ಲರ ಕೈಗೆ ದೊಡ್ಡ ಪರದೆಯ ಫೋನು ಬಂದಿರಲಿಲ್ಲ. ಸೂಪರ್ ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ ಖಾಜಾಭಾಯಿಯ ಅಂಗಡಿ. ಮೆಮೊರಿ ಕಾರ್ಡಿಗೆ ಹಾಡು ತುಂಬುವುದು, ಮದುವೆ ಡಿವಿಡಿ ನಕಲು ಮಾಡುವುದು, ಸಣ್ಣ ಪ್ಲೇಯರುಗಳಿಗೆ ವಿಡಿಯೋ ಹಾಕಿಕೊಡುವುದು— ಇದೆಲ್ಲ ನನ್ನ ಕೆಲಸ. ಖಾಜಾಭಾಯಿ ನನ್ನನ್ನು "ಡಿಗ್ರಿವಾಲೆ ಸಾಬ್" ಎಂದು ಕಾಡಿಸುತ್ತಿದ್ದರು. ಆದರೆ ಗಿರಾಕಿ ಇಲ್ಲದ ಹೊತ್ತಿನಲ್ಲಿ ಅಂಗಡಿಯ ಕಂಪ್ಯೂಟರಿನ ಮುಂದೆ ಕೂತು ಓದಲು ಬಿಡುತ್ತಿದ್ದರು. ಆ ಕುರ್ಚಿ ನನಗೆ ಕಾಲೇಜಿಗಿಂತ ಹೆಚ್ಚಾಗಿತ್ತು.

ಒಂದು ದಿನ ಕಮಲಾಪುರದ ವೀರಣ್ಣ ಬಂದರು. ತೊಗರಿ, ಬಾಳೆ ಬೆಳೆಯುವ ಮನೆತನ. ತಂಗಿ ಮಹಾದೇವಿ ಪಿಯು ಮುಗಿಸಿ, ಮನೆಯಲ್ಲೇ ಕೂತು ಬಿಎ ಕಟ್ಟಿದ್ದಳು. ದಿನಾ ಬಸ್ಸಿನಲ್ಲಿ ಕಲಬುರಗಿಗೆ ಹೋಗಿಬರುವುದು ಮನೆಯಲ್ಲಿ ಯಾರಿಗೂ ಒಪ್ಪಿಗೆಯಿರಲಿಲ್ಲ. ದೂರಶಿಕ್ಷಣದ ಪಾಠಗಳು ಡಿಸ್ಕಿನಲ್ಲಿ ಬರುತ್ತಿದ್ದವು. ಟಿವಿ ಇದ್ದದ್ದು ಪಡಸಾಲೆಯಲ್ಲಿ, ಗಂಡಸರು ಕೂಡುವ ಜಾಗದಲ್ಲಿ. ಅಲ್ಲಿ ಅವಳು ಪಾಠ ನೋಡುವುದು ಹೇಗೆ? ಫೋನು ಕೊಡಿಸಲು ಅಣ್ಣನಿಗೆ ಮನಸ್ಸಿಲ್ಲ. ಗಾಜಿನ ಪೆಟ್ಟಿಗೆಯಲ್ಲಿದ್ದ ಸಣ್ಣ ಪ್ಲೇಯರನ್ನು ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು.

"ಇದರಾಗ ಸಿಮ್ ಹಾಕಂಗಿಲ್ಲ ಅಲ್ಲ?"

"ಇಲ್ರಿ."

"ಯಾರದೂ ಫೋನ್ ಬರಂಗಿಲ್ಲ, ಮೆಸೇಜ್ ಬರಂಗಿಲ್ಲ?"

"ಏನೂ ಇಲ್ರಿ. ಬರೇ ನೋಡೂದು, ಕೇಳೂದು."

"ಹಂಗಾರ ಇದ ಛಲೋ ಆತು ನೋಡು. ಕೊಡು."

ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದು ಆ ಪ್ಲೇಯರು. ಡಬ್ಬಿಯ ಮೇಲೆ ಎಂಪಿ-ಫೋರ್ ಎಂದು ದಪ್ಪಕ್ಷರದಲ್ಲಿ ಬರೆದಿತ್ತು. ಎಂಪಿ-ಫೋರ್ ವಿಡಿಯೋ ಹಾಕಿದರೆ ಮಾತ್ರ ಓಡುತ್ತಿರಲಿಲ್ಲ! ಅದಕ್ಕೆ ಓದಲು ಬರುತ್ತಿದ್ದದ್ದು ಎಎಂವಿ ಎಂಬ ಒಂದೇ ಫಾರ್ಮ್ಯಾಟು. ಡಿಸ್ಕಿನ ವಿಡಿಯೋ ಇರಲಿ, ಫೋನಿನಲ್ಲಿ ತೆಗೆದದ್ದಿರಲಿ, ಎಲ್ಲವನ್ನೂ ಕಂಪ್ಯೂಟರಿನಲ್ಲಿ ಎಎಂವಿಗೆ ತಿರುಗಿಸಿಯೇ ಹಾಕಬೇಕು. ತಿರುಗಿಸುವ ಸಾಫ್ಟ್‌ವೇರು ಇಲ್ಲದ ಕಡೆ ಅದರೊಳಗೆ ಒಂದು ವಿಡಿಯೋವನ್ನೂ ಸೇರಿಸಲಾಗದು. ಈ ಮಾತನ್ನು ದಯಮಾಡಿ ನೆನಪಿಡಿ. ನನ್ನ ತಪ್ಪೆಲ್ಲ ಇದರ ಮೇಲೆ ನಿಂತಿದೆ.

ಹದಿನೈದು ದಿನಕ್ಕೊಮ್ಮೆ ವೀರಣ್ಣ ಪ್ಲೇಯರನ್ನೂ ಹೊಸ ಡಿಸ್ಕುಗಳನ್ನೂ ತರುತ್ತಿದ್ದರು. ನಾನು ಹಳೆಯ ಪಾಠ ಅಳಿಸಿ ಹೊಸದನ್ನು ತುಂಬುತ್ತಿದ್ದೆ. ಎರಡನೆಯ ಸಲ ಡಿಸ್ಕಿನ ಕಾಗದದ ಕವರಿನಿಂದ ಒಂದು ಚೀಟಿ ಬಿತ್ತು. "ಅಂಗಡಿ ಅಣ್ಣಾವರಿಗೆ: ನಾಲ್ಕನೇ ಪಾಠದಲ್ಲಿ ಮಾತು ಮುಂದೆ ಹೋಗುತ್ತದೆ, ಕೈ ಹಿಂದೆ ಉಳಿಯುತ್ತದೆ. ಸರಿಮಾಡಿ ಕೊಡಿರಿ." ಸರಿಮಾಡಿದೆ. ಮುಂದಿನ ಸಲ: "ಬೋರ್ಡಿನ ಮೇಲಿನ ಅಂಕಿಗಳು ಇರುವೆ ಸಾಲಿನಂತೆ ಕಾಣುತ್ತವೆ. ಮೇಷ್ಟ್ರ ಮುಖ ಬೇಡ, ಬೋರ್ಡು ಸಾಕು."

ನಕ್ಕುಬಿಟ್ಟೆ. ಆದರೆ ಅವಳು ಹೇಳಿದ್ದು ನಿಜ. ಅಡ್ಡಕ್ಕೆ ನೂರಾ ಅರವತ್ತು ಚುಕ್ಕಿ, ಉದ್ದಕ್ಕೆ ನೂರಾ ಇಪ್ಪತ್ತು ಚುಕ್ಕಿಯ ಪರದೆ ಅದು. ಅಷ್ಟರಲ್ಲಿ ಮೇಷ್ಟ್ರು, ಮೇಜು, ಗೋಡೆ, ಬೋರ್ಡು ಎಲ್ಲ ಕೂತರೆ ಅಂಕಿ ಎಲ್ಲಿ ಕಾಣಬೇಕು? ವಿಡಿಯೋದ ಅಂಚು ಕತ್ತರಿಸಿ ಬೋರ್ಡನ್ನಷ್ಟೇ ದೊಡ್ಡದು ಮಾಡತೊಡಗಿದೆ. ಮೇಷ್ಟ್ರು ಎಡದಿಂದ ಬಲಕ್ಕೆ ಬರೆಯುತ್ತ ಹೋದಂತೆ ಕತ್ತರಿಯೂ ಸರಿಯಬೇಕು— ಅದಕ್ಕಾಗಿ ಇಡೀ ಪಾಠವನ್ನು ನಿಲ್ಲಿಸಿ ನಿಲ್ಲಿಸಿ ನೋಡಬೇಕು. ಸಂಖ್ಯಾಶಾಸ್ತ್ರದ ಪಾಠಗಳವು. ಅದೇ ಪತ್ರಿಕೆಯಲ್ಲಿ ನಾನು ಎರಡು ಸಲ ಫೇಲಾಗಿದ್ದೆ. ಯಾವ ಕ್ಲಾಸಿನಲ್ಲೂ ತಲೆಗೆ ಹತ್ತದ ಲೆಕ್ಕ, ಅವಳಿಗಾಗಿ ಬೋರ್ಡು ಕತ್ತರಿಸುತ್ತ ಕತ್ತರಿಸುತ್ತ ನನಗೆ ಹತ್ತಿತು.

ಅವಳ ಮುಖವನ್ನು ನಾನು ನೋಡಿರಲಿಲ್ಲ. ಇವತ್ತಿಗೂ ನೋಡಿಲ್ಲ. ಚೀಟಿಗಳನ್ನಷ್ಟೇ ಕಂಡವನು. ಒಂದರಲ್ಲಿ ಬರೆದಿದ್ದಳು: "ಒಂಬತ್ತನೇ ಪಾಠದಲ್ಲಿ ಮೇಷ್ಟ್ರು ಒಂದು ಅಂಕಿ ತಪ್ಪು ಬರೆದಿದ್ದಾರೆ, ಉತ್ತರ ಮಾತ್ರ ಸರಿ ಬಂದಿದೆ. ನೀವು ನೋಡಿದಿರಾ?" ಆ ಪಾಠವನ್ನು ನಾನು ಎಷ್ಟು ಸಲ ಹಿಂದೆ ಮುಂದೆ ಓಡಿಸಿದ್ದೆನೋ. ನೋಡಿರಲಿಲ್ಲ. ಆ ಚೀಟಿ ಓದಿದಾಗ ನನ್ನೊಳಗೆ ಎದ್ದದ್ದು ಮೆಚ್ಚುಗೆ ಎಂದು ಬಹಳ ವರ್ಷ ನಂಬಿಕೊಂಡಿದ್ದೆ. ಅಲ್ಲ. ಅಡುಗೆಮನೆಯ ಮೂಲೆಯಲ್ಲಿ ಕೂತು ಬೆರಳಗಲದ ಪರದೆಯಲ್ಲಿ ನೋಡಿದವಳಿಗೆ ಕಂಡದ್ದು, ದೊಡ್ಡ ಪರದೆಯ ಮುಂದೆ ಕೂತ ನನಗೆ ಕಾಣಲಿಲ್ಲವಲ್ಲ ಎಂಬ— ಅದಕ್ಕೆ ಹೊಟ್ಟೆಕಿಚ್ಚು ಎಂದೇ ಹೆಸರು.

ಆಮೇಲೆ ಆ ದಿನ. ಅಂಗಡಿಯಲ್ಲಿ ಕಾಲಿಡಲು ಜಾಗವಿಲ್ಲ. ಒಬ್ಬ ಹುಡುಗ ಫೋನಿನ ಕಾರ್ಡು ತಂದಿದ್ದ. ಅದರಲ್ಲಿ ಅವನದೇ ಒಂದು ಸಣ್ಣ ವಿಡಿಯೋ— ಕೋಟೆಯ ದೊಡ್ಡ ಫಿರಂಗಿಯ ಪಕ್ಕ ನಿಂತು, ಕೂದಲು ಬಾಚಿಕೊಂಡು, "ನಿನ್ನ ಬಿಟ್ರ ನನಗ ಯಾರ ಅದಾರ ಹೇಳು" ಎನ್ನುತ್ತಾನೆ. ಅವನ ಹುಡುಗಿಯ ಹತ್ತಿರವೂ ಅಂಥದೇ ಪ್ಲೇಯರು ಇತ್ತಂತೆ, ಅದಕ್ಕೆ ಹಾಕಿಕೊಡಬೇಕು. "ಜಲ್ದಿ ಕರೋ ಡಿಗ್ರಿ ಸಾಬ್, ಗಿರಾಕಿ ನಿಂತಾರ" ಎಂದು ಖಾಜಾಭಾಯಿ ಕೂಗುತ್ತಿದ್ದರು. ತಿರುಗಿಸಿದ ವಿಡಿಯೋಗಳೆಲ್ಲ ಒಂದೇ ಫೋಲ್ಡರಿಗೆ ಬೀಳುತ್ತಿದ್ದವು. ಉದ್ದ ಹೆಸರು ಪ್ಲೇಯರು ಓದುವುದಿಲ್ಲವೆಂದು ನಾನು ಬರೀ ನಂಬರು ಕೊಡುತ್ತಿದ್ದೆ. ಆ ಸಲದ ಪಾಠಗಳು ಒಂದರಿಂದ ಆರು. ಏಳನೆಯದು ಆ ಹುಡುಗ. ಮಹಾದೇವಿಯ ಪ್ಲೇಯರನ್ನು ಕಂಪ್ಯೂಟರಿಗೆ ಹಚ್ಚಿ, ಫೋಲ್ಡರಿನಲ್ಲಿದ್ದದ್ದನ್ನೆಲ್ಲ ಒಟ್ಟಿಗೆ ಆರಿಸಿ ಕಳಿಸಿಬಿಟ್ಟೆ.

ಹದಿನೈದು ದಿನ ಕಳೆದು ವೀರಣ್ಣ ಬಂದರು. ಯಾವಾಗಿನಂತೆ "ಏನೋ ತಮ್ಮಾ, ಆರಾಮ?" ಎನ್ನಲಿಲ್ಲ. ಡಿಸ್ಕುಗಳ ಚೀಲವನ್ನು ಮೇಜಿನ ಮೇಲೆ ಇಟ್ಟರು, ಪ್ಲೇಯರನ್ನು ಕೊಡಲಿಲ್ಲ. ಅವರು ಕಿಸೆಗೆ ಕೈಹಾಕಿ ಪ್ಲೇಯರು ತೆಗೆಯುತ್ತಿದ್ದಾಗ, ನಾನು ಮೇಜಿನ ಮರೆಯಲ್ಲಿ ಕವರು ಬಿಚ್ಚಿದೆ. ಚೀಟಿ ಇತ್ತು.

"ಕೊನೆಯ ವಿಡಿಯೋ ನಮ್ಮ ಪಾಠದ್ದಲ್ಲ. ಬೇರೆ ಯಾರದೋ ತಪ್ಪಿ ಬಂದಿದೆ. ಅಳಿಸಿಬಿಡಿರಿ. ಪಾಪ, ಅವರು ಹುಡುಕುತ್ತಿರಬಹುದು."

ಓದಿ ಮುಗಿಸುವಷ್ಟರಲ್ಲಿ ವೀರಣ್ಣ ಪ್ಲೇಯರನ್ನು ನನ್ನ ಮುಖದ ಮುಂದೆ ಹಿಡಿದಿದ್ದರು. ಬಸ್ಸಿನಲ್ಲಿ, ಮಹಾಗಾಂವ ದಾಟಿದ ಮೇಲೆ, ತಂಗಿ ಏನು ಓದುತ್ತಾಳೆ ನೋಡೋಣವೆಂದು ಹಚ್ಚಿದ್ದರಂತೆ.

"ಇಂವ ಯಾರು?"

ಚೀಟಿ ನನ್ನ ಮುಷ್ಟಿಯಲ್ಲಿ ಮುದುಡಿತು.

"ಇದು ನೀ ಹಾಕಿದ್ದೇನು, ಕೇಳಾಕತ್ತೀನಿ."

ಖಾಜಾಭಾಯಿ ತಿರುಗಿದರು. "ಕ್ಯಾ ಹುವಾ ಸಾಹುಕಾರ್? ಅರೆ ತೋಬಾ, ನಮ್ಮ ಅಂಗಡ್ಯಾಗ ಒಬ್ಬರ ಮಾಲು ಇನ್ನೊಬ್ಬರಿಗಿ ಹೋಗಂಗಿಲ್ಲರಿ. ಹೌದಲ್ಲೋ ಶರಣು?"

"ಹೌದ್ರಿ" ಎಂದೆ. "ನಾ ಹಾಕಿಲ್ಲರಿ."

ನಾಲ್ಕು ಮಾತಿನಲ್ಲಿ ತಿಳಿಸಬಹುದಿತ್ತು. ವೀರಣ್ಣಾರ, ಇದು ಎಎಂವಿ. ಯಾವ ಫೋನಿನಿಂದಲೂ ಇದು ಹೀಗೆ ಬರುವುದಿಲ್ಲ. ಕಂಪ್ಯೂಟರಿನಲ್ಲಿ ಯಾರೋ ತಿರುಗಿಸಿರಬೇಕು. ನಿಮ್ಮ ಮನೆಯಲ್ಲಿ ಕಂಪ್ಯೂಟರಿಲ್ಲ, ತಂಗಿ ಹೊಸ್ತಿಲು ದಾಟುವುದಿಲ್ಲ. ಈ ಪ್ಲೇಯರನ್ನು ಕಂಪ್ಯೂಟರಿಗೆ ಹಚ್ಚುವವನು ನಾನೊಬ್ಬನೇ. ಇದೆಲ್ಲ ಗೊತ್ತಿದ್ದವನೂ ಆ ಮೂವರಲ್ಲಿ ನಾನೊಬ್ಬನೇ. ಅಪ್ಪನಿಗಿಂತ, ಅಣ್ಣತಮ್ಮಂದಿರಿಗಿಂತ ನನಗೆ ಹೆಚ್ಚು ಗೊತ್ತು ಎಂದು ಬೀಗುತ್ತಿದ್ದವನು, ಆ ಗೊತ್ತಿದ್ದದ್ದು ಒಬ್ಬರ ಉಪಯೋಗಕ್ಕೆ ಬರುವ ಒಂದೇ ಒಂದು ಗಳಿಗೆಯಲ್ಲಿ—

"ಹಂಗಾರ ಆಕಿ ಕೈಯಾಗ ಯಾರೋ ಕೊಟ್ಟಾರ" ಎಂದರು ವೀರಣ್ಣ. ಪ್ಲೇಯರನ್ನು ಕಿಸೆಗೆ ಹಾಕಿಕೊಂಡು ಹೊರಟುಹೋದರು. ಡಿಸ್ಕುಗಳು ಅಂಗಡಿಯಲ್ಲೇ ಉಳಿದವು. ಮುದುಡಿದ ಚೀಟಿಯನ್ನು ನನ್ನ ನೋಟ್‌ಬುಕ್ಕಿನ ನಡುವೆ ಇಟ್ಟೆ.

ಇದು ಮೊದಲ ಸುಳ್ಳು. ಹೆದರಿಕೆಯ ಸುಳ್ಳು. ಅಂಗಡಿ ಹೋದರೆ ಆ ಕುರ್ಚಿ ಹೋಗುತ್ತದೆ, ಪರೀಕ್ಷೆ ಹತ್ತಿರವಿದೆ ಎಂಬ ಹೆದರಿಕೆ. ಇದೊಂದೇ ಆಗಿದ್ದರೆ ಇಷ್ಟು ವರ್ಷ ಎದೆಯೊಳಗೆ ಹೀಗೆ ಕೂತಿರುತ್ತಿರಲಿಲ್ಲವೇನೋ.

ಮೂರು ದಿನ ಬಿಟ್ಟು ವೀರಣ್ಣ ಮತ್ತೆ ಬಂದರು. ಶುಕ್ರವಾರ ಮಧ್ಯಾಹ್ನ, ಖಾಜಾಭಾಯಿ ನಮಾಜಿಗೆ ಹೋಗಿದ್ದರು. ಅಂಗಡಿಯಲ್ಲಿ ನಾವಿಬ್ಬರೇ. ಅವರ ಗಂಟಲು ಬಿದ್ದುಹೋಗಿತ್ತು.

"ಆಕಿ ಒಂದ ಮಾತ ಹಿಡದಾಳ. ಚೀಟಿ ಬರದು ಡಿಸ್ಕಿನ ಕವರಿನ್ಯಾಗ ಇಟ್ಟಿದ್ದೆ, ಅಂಗಡಿ ಅಣ್ಣಾರಿಗಿ ಕೇಳು ಅಂತಾಳ. ಇತ್ತೇನು ಚೀಟಿ? ಖರೇ ಹೇಳು ತಮ್ಮಾ. ನೀ ಏನ್ ಹೇಳ್ತಿ, ಅದ ಖರೇ ಅಂತ ತಿಳಕೊಂಡು ಹೋಗ್ತೀನಿ."

ಅವರು ಬಂದದ್ದು ತಂಗಿಯನ್ನು ನಂಬಲು ಒಂದು ದಾರಿ ಸಿಗಲಿ ಎಂದು. ಅದು ನನಗೆ ಅವರ ಮುಖದ ಮೇಲೇ ಕಾಣುತ್ತಿತ್ತು. ಖಾಜಾಭಾಯಿ ಇರಲಿಲ್ಲ. ಹೆದರಿಸುವವರು ಯಾರೂ ಇರಲಿಲ್ಲ. ಹೂಂ ಅಂದರೆ ಮೂರು ದಿನದ ಹಿಂದಿನ ನನ್ನ ಸುಳ್ಳು ಬಯಲಾಗುತ್ತದೆ— ಅಷ್ಟೇ. ಓದಿದವನು, ಹುಷಾರಿ ಹುಡುಗ ಎಂದು ನನ್ನನ್ನು ಕರೆಯುವ ಒಬ್ಬ ಮನುಷ್ಯನ ಕಣ್ಣಲ್ಲಿ ನಾನು ಸಣ್ಣವನಾಗುತ್ತೇನೆ. ಮತ್ತು... ಇನ್ನೊಂದನ್ನೂ ಬರೆಯಲೇಬೇಕು. ಒಂಬತ್ತನೇ ಪಾಠದ ಆ ಅಂಕಿ. ಅವಳೊಬ್ಬಳು ಇಲ್ಲದಿದ್ದರೆ ನನಗಿಂತ ಚೆನ್ನಾಗಿ ಓದುವವರು ನನಗೆ ಗೊತ್ತಿದ್ದವರಲ್ಲಿ ಯಾರೂ ಇರುವುದಿಲ್ಲ ಎಂಬ ಯೋಚನೆ, ಆ ಗಳಿಗೆಯಲ್ಲಿ ಬಂತೋ, ಆಮೇಲೆ ಬಂತೋ. ಬಂದದ್ದು ಹೌದು.

"ಯಾವ ಚೀಟೀನೂ ಇರಲಿಲ್ಲರೀ."

ಅವರು ನನ್ನ ಹೆಗಲ ಮೇಲೆ ಕೈಯಿಟ್ಟು ಹೋದರು.

ಆ ಬೇಸಿಗೆಯಲ್ಲೇ ಮಹಾದೇವಿಯನ್ನು ಆಳಂದದ ಕಡೆ ಕೊಟ್ಟರು. ಪರೀಕ್ಷೆಗೆ ಕೂಡಿಸಲಿಲ್ಲ. ಮದುವೆಗೆ ಮುಂಚೆ ವೀರಣ್ಣ ಕಮಲಾಪುರದ ಕೆಂಪು ಬಾಳೆಯ ಒಂದು ಗೊನೆ ಹೊತ್ತು ಅಂಗಡಿಗೆ ಬಂದಿದ್ದರು. "ನೀ ಖರೇ ಹೇಳಿದಿ. ಇಲ್ಲಾಂದ್ರ ನಮ್ಮ ಮನಿ ಮಾನ ಹೋಗಿಬಿಡ್ತಿತ್ತು" ಎಂದರು. ಡಿಸ್ಕುಗಳ ಚೀಲ ತೆಗೆದುಕೊಟ್ಟರೆ ಕೈ ಅಡ್ಡ ಮಾಡಿದರು. "ನಮ್ಮ ಮನ್ಯಾಗ ಇನ್ನ ಅವು ಬ್ಯಾಡ. ನೀನ ಇಟ್ಕೊ. ನಿನಗರ ಉಪಯೋಗ ಆಗ್ಲಿ."

ಉಪಯೋಗವಾಯಿತು. ಬಾಳೆಹಣ್ಣನ್ನು ಅವ್ವ ಓಣಿಗೆಲ್ಲ ಹಂಚಿದಳು. ಡಿಸ್ಕುಗಳನ್ನು ನಾನು ನೋಡಿದೆ, ಒಂದನ್ನೂ ಬಿಡದೆ. ಸಂಖ್ಯಾಶಾಸ್ತ್ರದಲ್ಲಿ ಪಾಸಾದೆ. ಓಣಿಯಲ್ಲಿ ಹಲಗೆ ಬಾರಿಸಿದರು.

ಹದಿನಾಲ್ಕು ವರ್ಷ ಹೀಗೇ ಹೋದವು. ಈ ವರ್ಷ ಅಡ್ಮಿಷನ್ನಿನ ಹೊತ್ತಿನಲ್ಲಿ ವೀರಣ್ಣ ಮಗಳು ಪಲ್ಲವಿಯನ್ನು ಕರೆದುಕೊಂಡು ನನ್ನ ಕಾಲೇಜಿಗೆ ಬಂದರು. ಕೂದಲು ನೆರೆತಿತ್ತು. ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಕೇಳುವಂತೆ ಮಗಳಿಗೆ ಹೇಳಿದರು:

"ಇವರ ನೋಡವಾ ಶರಣು ಸರ. ಖರೇ ಮಾತಿನ ಮನಷ್ಯಾ."

ಆಮೇಲೆ ದನಿ ಇಳಿಸಿದರು. "ಸರ, ಈಕಿಗಿ ಫೋನ್ ಬೇಕಂತ. ಕಾಲೇಜಿನವರು ಪಾಠ ಎಲ್ಲಾ ಅದರಾಗ ಕಳಸ್ತಾರಂತ. ನಾ ಒಲ್ಲೆ ಅಂದೀನಿ. ನಮ್ಮ ಮಹಾದೇವಿದು ನಿಮಗ ಗೊತ್ತ ಅದಲ್ಲ? ಸಿಮ್ ಇಲ್ಲದ ಡಬ್ಬಿ ಕೊಟ್ರ ಅದರಾಗ ಒಬ್ಬಾವ ಬಂದು ಕುಂತಿದ್ದ. ಇನ್ನ ಫೋನ್ ಕೊಟ್ರ?"

ಆ ಹುಡುಗಿ ನನ್ನನ್ನೇ ನೋಡುತ್ತಿದ್ದಳು. ಫೋನು ಬೇಕೇಬೇಕು, ಅದಿಲ್ಲದೆ ಓದಾಗುವುದಿಲ್ಲ ಎಂದು ಸರ್ ಹೇಳುತ್ತಾರೆ ಎಂದು ಕಾದಿದ್ದಳು. ನಾನು "ನೋಡೂಣ್ರಿ" ಎಂದೆ. ಮತ್ತೊಮ್ಮೆ ಜಾರಿಕೊಂಡೆ.

ಮುಂದಿನ ಭಾನುವಾರ ಕಮಲಾಪುರದ ಬಸ್ಸು ಹತ್ತಿದೆ. ವೀರಣ್ಣನ ಪಡಸಾಲೆಯಲ್ಲಿ ಕೂತು, ಇಲ್ಲಿ ಬರೆದದ್ದನ್ನೆಲ್ಲ ಹೇಳಿದೆ. ಫೋಲ್ಡರಿನ ವಿಷಯ, ಏಳನೇ ನಂಬರಿನ ವಿಷಯ, ಚೀಟಿ. ಇಷ್ಟು ವರ್ಷ ಇಟ್ಟುಕೊಂಡಿದ್ದ ಆ ಚೀಟಿಯನ್ನೇ ಕೊಟ್ಟೆ. ಅವರು ಕನ್ನಡಕ ಹಾಕಿಕೊಂಡು ಓದಿದರು. ಮತ್ತೆ ಓದಿದರು.

"ಆ ಹುಡುಗ ಯಾರು?"

"ಗೊತ್ತಿಲ್ರಿ. ಗಿರಾಕಿ. ಮತ್ತ ಎಂದೂ ನೋಡಿಲ್ಲ."

"ಆಕೀಗೂ ಗೊತ್ತಿರಲಿಲ್ಲ."

"ಇಲ್ರಿ."

ಚೀಟಿಯನ್ನು ತೊಡೆಯ ಮೇಲಿಟ್ಟು ಮುದುಡು ಬಿಡಿಸಿದರು. "ಚೀಟಿ ಬರದೀನಿ, ಚೀಟಿ ಬರದೀನಿ ಅಂತ ಅಳ್ತಿದ್ಲು" ಎಂದರು. "ಸುಳ್ಳ ಬೊಗಳಬ್ಯಾಡ ಅಂತ ಹೊಡದೀನಿ ನಾ. ಈ ಕೈಲೆ. ನಿನ್ನ ಮಾತ ನಂಬಿ." ನನ್ನನ್ನು ಬೈಯಲಿಲ್ಲ. ಬೈದಿದ್ದರೆ— ಇರಲಿ. ಫೋನು ತೆಗೆದು ನಂಬರು ಒತ್ತಿ ನನ್ನ ಕೈಯಲ್ಲಿಟ್ಟರು. "ನೀನ ಹೇಳು. ನನ್ನ ಬಾಯಿಲೆ ಆಗಂಗಿಲ್ಲ."

ಅವಳ ದನಿಯನ್ನು ಮೊದಲ ಸಲ ಕೇಳಿದೆ. ಹೆಸರು ಹೇಳಿದೆ. "ಯಾರು? ಅಂಗಡಿ ಅಣ್ಣಾರೇನು?" ಎಂದಳು. ತಪ್ಪಾಯಿತು ಎಂದೆ. ಚೀಟಿ ಇತ್ತು ಎಂದೆ.

"ಚೀಟಿ ಇತ್ತು ಅಂತ ನನಗ ಹೇಳಾಕತ್ತೀರೇನು? ಬರದಾಕಿ ನಾನ ಅಲ್ಲೇನ್ರಿ?"

"ಹೌದ್ರಿ" ಎಂದೆ.

"ಒಂದ ಕೇಳ್ತೀನಿ. ಅವತ್ತ ಕಳಿಸಿದ ಡಿಸ್ಕಿನ್ಯಾಗ ಕಡೀ ಮೂರು ಪಾಠ ಇದ್ದವು. ನಾ ನೋಡ್ಲೇ ಇಲ್ಲ. ನೀವು ನೋಡಿದ್ರೇನು?"

"ನೋಡಿದೆ."

"ಪಾಸಾದ್ರಿ?"

"ಆದೆ."

"ಹಂಗಾರ ಮೇಷ್ಟ್ರು ತಿಳಿಯೂ ಹಂಗ ಹೇಳಿದ್ರು ಅನ್ರಿ."

ದನಿಯಲ್ಲಿ ಸಿಟ್ಟಿರಲಿಲ್ಲ. ಅದನ್ನು ಏನೆಂದು ಕರೆಯಬೇಕೋ ನನಗೆ ತಿಳಿಯುವುದಿಲ್ಲ. ಆಮೇಲೆ ಅವಳೇ ಮಾತಾಡಿದಳು.

"ಅವ್ವ ಸಾಯೂ ತನಕ ಕೇಳಿದ್ಲರಿ ನನಗ. ಈಗರ ಖರೇ ಹೇಳಬೇ, ಆ ಹುಡುಗ ಯಾರು ಅಂತ. ಗೊತ್ತಿಲ್ಲಬೇ ಅಂದ್ರ ಮುಖ ತಿರುಗಿಸ್ತಿದ್ಲು. ನನಗ ಹೇಳಿ ಏನ್ ಮಾಡ್ತೀರಿ? ನನಗ ಗೊತ್ತದ. ಗೊತ್ತಿಲ್ಲದವರ ಮನೀಗಿ ಹೋಗಿ ಹೇಳ್ರಿ. ಅಣ್ಣನ ಕೈಯಾಗ ಫೋನ್ ಕೊಡ್ರಿ."

ಕೊಟ್ಟೆ. ವೀರಣ್ಣ ಬರೀ ಹೂಂ ಎನ್ನುತ್ತ ಕೇಳಿದರು. ಮಾತು ಮುಗಿದ ಮೇಲೆ ಫೋನನ್ನು ಮಡಿಲಲ್ಲಿಟ್ಟುಕೊಂಡು, "ಪಲ್ಲವಿಗಿ ಫೋನ್ ಕೊಡಸು ಅಂದ್ಲು" ಎಂದರು. ನನ್ನ ಬಗ್ಗೆ ಏನೂ ಅನ್ನಲಿಲ್ಲವಂತೆ.

ಯಾರ ಮನೆಗಳಿಗೆ ಹೋಗಬೇಕೆಂದು ವೀರಣ್ಣನೇ ಹೇಳಿದರು: ದೊಡ್ಡಪ್ಪನ ಮನೆ, ಎದುರುಮನೆ, ಹಿಂದಿನ ಓಣಿಯವರು, ಮಹಾಗಾಂವದ ಸೋದರತ್ತೆ— ಒಟ್ಟು ಏಳು. ಕಳೆದ ಎರಡು ಭಾನುವಾರಗಳಲ್ಲಿ ಮೂರು ಮನೆಗೆ ಹೋಗಿ ಬಂದೆ. ಸೋದರತ್ತೆ, "ಈಗ್ಯಾಕ ಬಂದಿ ತಮ್ಮಾ, ಆಗಿದ್ದು ಆಗಿಹೋತು. ಚಹಾ ಕುಡದು ಹೋಗು" ಎಂದಳು. ಚಹಾ ಕುಡಿಯಲಿಲ್ಲ. ಎಲ್ಲವನ್ನೂ ಹೇಳಿ ಮುಗಿಸಿಯೇ ಎದ್ದೆ. ನಾನು ಮೆಟ್ಟಿಲಿಳಿಯುವಾಗ ಅವಳು ಒಳಗೆ ಯಾರಿಗೋ ಹೇಳುತ್ತಿದ್ದಳು— "ಹಂಗಾರ ನಮ್ಮ ಹುಡುಗೀದು ಏನೂ ಇರಲೇ ಇಲ್ಲ ನೋಡವಾ."

ಇನ್ನು ನಾಲ್ಕು ಮನೆ ಉಳಿದಿವೆ. ಬರುವ ಭಾನುವಾರ ಮತ್ತೆ ಹೋಗುತ್ತೇನೆ. ಅವಳ ಅವ್ವನಿಗೆ ಹೇಳುವ ದಾರಿ ಮಾತ್ರ ನನಗಿಲ್ಲ.